ಹತ್ತು ಲಕ್ಷಕ್ಕೆ ಹದಿನೈದು

ಹಡಗಿಗೂ ಒಂದು ಅಡಿಹೊಟ್ಟೆ ಇದೆ,
ಬಂದರಿನಲ್ಲಿ ಮಾರುವ ಚಿತ್ರಪಟಗಳಲ್ಲಿ ಅದು ಕಾಣುವುದಿಲ್ಲ.
ಪಂಪಿನ ಸೀಲಿನ ತೊಟ್ಟು, ಕೂಲರಿನ ಬೆವರು,
ಯಾರೋ ಚೆಲ್ಲಿದ ಕಾಫಿ, ಬೋಲ್ಟು ಕಕ್ಕಿದ ತುಕ್ಕು,
ಎಲ್ಲ ಇಳಿದಿಳಿದು ಬಂದು ನಿಲ್ಲುವ ಜಾಗ. ಬಿಲ್ಜ್.
ಅಲ್ಲಿ ನಾನು. ವೈಪರ್. ಒರೆಸುವವನು.
ಎಲ್ಪಿಡಿಯೊ ಸುಮಗಾಯ್ಸಾಯ್ ಎಂದು ಪಾಸ್‌ಪೋರ್ಟಿನಲ್ಲಿದೆ;
ಎಂಜಿನ್ನಿನ ಗದ್ದಲದಲ್ಲಿ ಬರೀ 'ಪಿಡಿ'.
ಕೂಗಲು ಅಷ್ಟೇ ಸಾಕು.

ಸಾಂಟೋಸ್‌ನಲ್ಲಿ ತಪಾಸಣೆಯವರು ಬರುತ್ತಾರೆಂದು
ಹಿಂದಿನ ರಾತ್ರಿ ನಾಲ್ಕು ಡಬ್ಬ ಸೋಪು ಸುರಿದು ತಿಕ್ಕಿದೆವು.
ತಳದ ತಗಡುಗಳು ಮದುವೆಮನೆಯ ಪಾತ್ರೆಗಳಂತೆ ಬೆಳಗಿದವು.
ಬಂದವರು ಟಾರ್ಚು ಬಿಟ್ಟು ನೋಡಿ, ತಲೆದೂಗಿ ಮೆಟ್ಟಿಲೇರಿದರು.
ಚೀಫ್ ನನಗೊಂದು ಸಿಗರೇಟು ಕೊಟ್ಟ.

ಈಗ ಅಟ್ಲಾಂಟಿಕ್ಕಿನ ನಡುವೆ, ಆರನೆಯ ದಿನ,
ಸೆಪರೇಟರು ಒಲ್ಲೆನೆನ್ನುತ್ತಿದೆ.

ಎಣ್ಣೆಗೂ ನೀರಿಗೂ ಹುಟ್ಟಿನಿಂದ ಆಗಿಬರದು.
ಸುಮ್ಮನೆ ಬಿಟ್ಟರೆ ಸಾಕು,
ಅದು ತಾನಾಗಿ ಮೇಲೆ, ಇದು ತಾನಾಗಿ ಕೆಳಗೆ.
ಆದರೆ ಹಡಗು ಯಾವಾಗ ಸುಮ್ಮನಿರುತ್ತದೆ?
ಹಗೆತನಕ್ಕೆ ಎಣ್ಣೆ ಸೀಗೆಕಾಯಿ ಎಂದು ಹೆಸರಿಟ್ಟವರು
ನಮ್ಮ ಬಿಲ್ಜನ್ನು ನೋಡಿರಲಾರರು:
ಇಲ್ಲಿ ಸೋಪೇ ಮದುವೆ ದಲ್ಲಾಳಿ.
ಎಣ್ಣೆಯ ಕೈಯನ್ನು ನೀರಿನ ಕೈಯಲ್ಲಿಟ್ಟು
ಒಡೆಯದ, ಬೆಳ್ಳನೆಯ ಒಂದು ಸಂಸಾರ ಹೂಡಿಸಿದೆ.
ತೊಳೆದದ್ದೇ ತಪ್ಪಾಯಿತು.

ಹತ್ತು ಲಕ್ಷ ಹನಿಗೆ ಹದಿನೈದು ಹನಿ.
ಅಷ್ಟನ್ನು ಸಮುದ್ರಕ್ಕೆ ಕೊಡಬಹುದಂತೆ, ಕಾನೂನು.
ದಾಟಿದರೆ ಮೀಟರು ಕಿರುಚುತ್ತದೆ.
ನಮ್ಮದು ಅರವತ್ತೆರಡು. ನಲವತ್ತೊಂಬತ್ತು. ಮತ್ತೆ ಎಪ್ಪತ್ತು.
ಕವಾಟ ತಿರುಗಿ, ನೀರು ಬಂದ ದಾರಿಗೇ ಮರಳಿ,
ಗಾಣದೆತ್ತು.

ಚೀಫ್ ತೆಂಗಿಜ್, ಬಟೂಮಿಯವನು, ಮಂಡಿನೋವಿನವನು,
ಕಂಪನಿಗೆ ಮೂರು ಸಲ ಫಿಲ್ಟರು ಕೇಳಿ ಬರೆದಿದ್ದ.
ಮೂರು ಸಲವೂ ಉತ್ತರ: ಮುಂದಿನ ಬಂದರಿನಲ್ಲಿ.
ರಾತ್ರಿ ಎರಡಕ್ಕೆ ಒಂದು ತೆಳು ಕೊಳವೆ ಹಿಡಿದು ಬಂದ,
ಕುಡಿಯುವ ನೀರಿನ ನಲ್ಲಿಯಿಂದ ಮೀಟರಿನ ಕಣ್ಣಿಗೆ.
'ಇದನ್ನು ತೋರಿಸು, ಸೊನ್ನೆ ಅನ್ನುತ್ತೆ' ಎಂದ,
ನನ್ನನ್ನಲ್ಲ, ಸ್ಪ್ಯಾನರನ್ನು ನೋಡುತ್ತ.
ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಳ್ಳುವುದೆಂದರೆ
ಮೀಟರಿಗೂ ಕಲಿಸಬಹುದಾದ ವಿದ್ಯೆ.

ನಮ್ಮೂರು ಎಸ್ತಾನ್ಸಿಯಾ. ನನಗಾಗ ಹನ್ನೊಂದು.
ಚಂಡಮಾರುತ ಹೋದ ಮೇಲೆ ದಡವೆಲ್ಲ ಕಪ್ಪು.
ಅಮ್ಮ ಸ್ನಾನದ ಚೊಂಬಿನಲ್ಲೇ ಅದನ್ನು ಮೊಗೆದಳು, ದಿನಗೂಲಿಗೆ.
ಆ ಚೊಂಬು ಆಮೇಲೆ ಬೇರೆ ಯಾವುದಕ್ಕೂ ಬರಲಿಲ್ಲ.
ಇದನ್ನು ಚೀಫ್‌ಗೆ ಹೇಳಲಿಲ್ಲ.
ಹೇಳಿದ್ದು ಇಷ್ಟು:
'ಸರ್, ಟ್ಯಾಂಕಿನಲ್ಲಿ ಇನ್ನೂ ಜಾಗವಿದೆ,
ನಲವತ್ತು ಸೆಂಟಿಮೀಟರು. ಈಗಷ್ಟೇ ಅಳೆದು ಬಂದೆ.'
ಸುಳ್ಳು. ಇಪ್ಪತ್ತೆಂಟಿತ್ತು.

ಅವನು ಕೊಳವೆಯನ್ನು ಸುತ್ತಿ ಸುತ್ತಿ
ಕಪಾಟಿನೊಳಗಿಟ್ಟ. ಎಸೆಯಲಿಲ್ಲ.

ಉಳಿದ ಆರು ದಿನ ನಾನು ಸೋರಿಕೆಗಳ ಬೆನ್ನುಬಿದ್ದೆ.
ಪ್ರತಿ ತೊಟ್ಟಿನ ಕೆಳಗೂ ಒಂದು ಡಬ್ಬಿ:
ಬಿಸ್ಕತ್ತಿನದು, ಹಾಲುಪುಡಿಯದು, ಅಡುಗೆಯವನ ಮುರುಕು ಬೋಗುಣಿ.
ಬೆರಳ ತುದಿಗೆ ಗ್ಯಾಸ್ಕೆಟ್, ಉಗುರಿನ ಸಂದಿಗೆ ಗ್ರೀಸು.
ಇಪ್ಪತ್ತೊಂದು. ಹದಿನೆಂಟು. ಹನ್ನೊಂದು.
ನಿದ್ದೆಯಲ್ಲೂ ಅಳತೆಪಟ್ಟಿ ಕೆಳಗಿಳಿಯುತ್ತಿತ್ತು.

ಲಾಸ್ ಪಾಲ್ಮಾಸ್. ಮಗ್ಗುಲಿಗೆ ಬಂದು ನಿಂತ ಬಾರ್ಜು,
ತೊಡೆಗಾತ್ರದ ಹೋಸು, ಅದರೊಳಗೆ ನಮ್ಮ ಗಸಿ
ಗೊರಕೆ ಹೊಡೆಯುತ್ತ ಹೋಯಿತು.
ಬಾರ್ಜಿನ ಐರಾಮ್ ರಸೀದಿಗೆ ಮೊಹರು ಒತ್ತಿದ.
ಸರಕು ಹೊತ್ತು ಬಂದವರಿಗಿಂತ
ಕೊಳೆ ಹೊತ್ತು ಬಂದವರನ್ನು ಅವನಿಗೆ ಹೆಚ್ಚು ಪರಿಚಯ.

ಅಳತೆಯ ಪುಸ್ತಕ ತಾ ಎಂದಿದ್ದರು, ತಂದೆ.
ಗಾಳಿಗೆ ಹಾಳೆ ಮಗುಚಿ ಆ ರಾತ್ರಿಗೆ ಬಂತು.
ಅಂಚಿನಲ್ಲಿ, ಪೆನ್ಸಿಲಿನಲ್ಲಿ, ತೆಂಗಿಜ್‌ನ ಓರೆ ಅಕ್ಷರ:
ಒಂದೂವರೆ ಗಂಟೆ. ಇಪ್ಪತ್ತೆಂಟು.

ನನಗಿಂತ ಮೊದಲೇ ಅಳೆದಿದ್ದ, ಆ ಮಂಡಿಯಲ್ಲಿ ಬಗ್ಗಿ.

ಮೇಲೆ ಅವನು ರೇಲಿಂಗಿಗೆ ಒರಗಿ ಬೆಂಕಿಪೊಟ್ಟಣ ಹುಡುಕುತ್ತಿದ್ದ.
ಕೆಳಗೆ ಮೂರನೆಯ ಪಂಪು ಮತ್ತೆ ತೊಟ್ಟಿಕ್ಕುತ್ತಿರಬೇಕು.
ಇಳಿದೆ.