ಒರಟು ಬೆಳ್ಳಿ

ಕನ್ನಡಿಯಾಗುವ ತನಕ ಉಜ್ಜಿ ಕೊಟ್ಟೆ.
ಗಡಿಯಾರದ ಕಾರ್ಖಾನೆಯಲ್ಲಿ ಪಳಗಿದ ಕೈ,
ಅದು ಮುಚ್ಚಿದ ಮೇಲೆ
ವಿಲ್ನಿಯಸ್ಸಿನ ಈ ನೆಲಮಾಳಿಗೆಗೆ ಬಂದದ್ದು.
ಅಂಗಿಯ ಗುಂಡಿಯಷ್ಟಗಲದ ಬೆಳ್ಳಿ ಬಿಲ್ಲೆ;
ನನ್ನ ಮೂಗಿನ ಬಿಳಿಗೂದಲೂ ಕಾಣುತ್ತಿತ್ತು ಅದರಲ್ಲಿ.

"ಚೆಂದ ಇದೆ, ವೈದೋತಾಸ್" ಅಂದಳು ಸ್ಕೈಸ್ತೆ.
ಅಂದವಳೇ ಉಪ್ಪುನೀರಿಗೆ ಇಳಿಬಿಟ್ಟು
ಕರೆಂಟು ಹಾಯಿಸಿದಳು, ಮುಂದಕ್ಕೊಮ್ಮೆ, ಹಿಂದಕ್ಕೊಮ್ಮೆ.
ಬೆಳ್ಳಿ ಕಂದಿತು, ಕಪ್ಪಿಟ್ಟಿತು,
ಕೆನೆಗಟ್ಟಿದ ಹಾಲಿನ ಹಾಗೆ ಮಂಕಾಯಿತು.
ಎರಡು ದಿನದ ಕೆಲಸ, ಮೂರು ನಿಮಿಷ.
ಚಹಾ ಕಾಯಿಸುವ ನೆಪ ಮಾಡಿ ಆಚೆ ಹೋದೆ.

"ನುಣುಪಿನ ಮೇಲೆ ಅದು ಬಾಯಿ ಬಿಡುವುದಿಲ್ಲ,"
ಬೆನ್ನ ಹಿಂದೆ ಅವಳ ದನಿ.
ಅದು ಅಂದರೆ ಪಿರಿಡಿನ್. ಆರು ಮೂಲೆಯ ಉಂಗುರ,
ಐದರಲ್ಲಿ ಇಂಗಾಲ, ಒಂದರಲ್ಲಿ ಸಾರಜನಕ,
ಹಳಸಿದ ಮೀನಿನ ನಾತ.
ಒಂದು ಹನಿ. ಅಷ್ಟೇ.

ದೀಪ ಆರಿಸಿದೆವು. ಹಸಿರು ಲೇಸರ್ ಬೆಳ್ಳಿಗೆ ತಾಗಿತು.
ಬೆಳಕಿನ ಕಣ ಕೋಟಿ ಹೋದರೆ
ಹೋದ ಬಣ್ಣದಲ್ಲೇ ಮರಳುತ್ತವಂತೆ.
ಎಲ್ಲೋ ಒಂದು ಮಾತ್ರ
ಉಂಗುರದ ನಡುಕಕ್ಕೆ ತನ್ನದೊಂದು ಚೂರು ಕೊಟ್ಟು
ಬಣ್ಣಗೆಟ್ಟು ಬರುತ್ತದಂತೆ.
ಆ ಒಂದಕ್ಕೆ ಕಾದೆವು.
ಹೊರಗೆ ನೆರಿಸ್ ನದಿ,
ಮಂಜುಗಡ್ಡೆ ಬಿರಿಯುವ ಸದ್ದು.

ಪರದೆಯ ಮೇಲೆ ಮೊದಲು ಬರೀ ಹುಲ್ಲು.
ಆಮೇಲೆ ಹುಲ್ಲಿನ ನಡುವಿಂದ
ಒಂದು ಶಿಖರ, ಸಾವಿರದ ಎಂಟರಲ್ಲಿ.
"ನೀರಲ್ಲಿ ಸುಮ್ಮನೆ ಇದ್ದಿದ್ದರೆ ಸಾವಿರದ ಮೂರು."
ಐದೇ ಐದು ಅಂಕೆ ಸರಿದಿದೆ.
ಹಿಡಿದುಕೊಂಡಿದೆ ಅಂತ ಅರ್ಥ.
ಹಿಡಿದವರ ಉಸಿರು ಬೇರೆ.

"ನಿಂತಿದೆಯೋ, ಮಲಗಿದೆಯೋ?" ಕೇಳಿದೆ.
ಬೆರಳ ತುದಿ ಮೇಜಿಗೂರಿ
ಅಂಗೈ ನೆಟ್ಟಗೆ ಹಿಡಿದು ತೋರಿಸಿದಳು:
ಸಾರಜನಕ ಕೆಳಗೆ, ಉಳಿದದ್ದೆಲ್ಲ ಮೇಲೆ.
ವೋಲ್ಟೇಜಿನ ತಿರುಪು ತಿರುಗಿಸಿದಳು.
ಶಿಖರ ಕುಗ್ಗಿತು,
ಅವಳ ಕೈಯೂ ನಿಧಾನ ವಾಲಿತು, ತನಗೇ ತಿಳಿಯದ ಹಾಗೆ.
"ಬಹುಶಃ," ಅಂದಳು.
ಹನ್ನೊಂದು ವರ್ಷದಿಂದ ಇದೇ ಕೆಲಸ. ಇನ್ನೂ ಬಹುಶಃ.

ನಾಳೆಗೆ ಇನ್ನೊಂದು ಬಿಲ್ಲೆ ಬೇಕಂತೆ.
"ಒರಟೇ ಕೊಡಲೇ?" ಅಂದರೆ, ಬೇಡ,
ಮೊದಲು ಕನ್ನಡಿಯಾಗಬೇಕು, ಆಮೇಲೆ ಕೆಡಿಸಬೇಕು.
ಕೆಡಿಸುವುದಕ್ಕೂ ಒಂದು ಲೆಕ್ಕ.

ರಾತ್ರಿಯ ಟ್ರಾಲಿಬಸ್ಸಿನಲ್ಲಿ ಪಕ್ಕದ ಹೆಂಗಸು
ನನ್ನತ್ತ ಒಮ್ಮೆ ನೋಡಿ, ಚೀಲ ಎತ್ತಿಕೊಂಡು
ಹಿಂದಿನ ಸೀಟಿಗೆ ಹೋದಳು.
ಕೋಟಿನ ತೋಳು ಮೂಸಿದೆ. ಮೀನು.
ಬೆಳ್ಳಿಯಿಲ್ಲ, ಕರೆಂಟಿಲ್ಲ, ಹಳೆಯ ಉಣ್ಣೆ ಇದು;
ಯಾವ ಮೂಲೆ ಊರಿ ನಿಂತಿದೆಯೋ.