ಎಲ್ಲಿ ಇಡ್ಲಿ

ಮಂಡಕ್ಕಿ ಭಟ್ಟಿ ಲೇಔಟಿನ ಮೂರನೇ ಓಣಿ.
ಕೀಬೋರ್ಡಿನ ಸಂದಿಗೂ ಹೊಟ್ಟಿನ ಬೂದಿ.
ನಾನು ಬರೆದುಕೊಟ್ಟ ಬಿಲ್ಲಿನ ತಂತ್ರಾಂಶ
ಲೆಕ್ಕ ತಪ್ಪುವುದಿಲ್ಲ, ನಿಜ.
ಆದರೆ ಹಯಾತ್‌ಬೀ ಕೇಳಿದರು:
'ಸೇವ್ ಆತು ಅಂತೈತಿ. ಎಲ್ಲಿ ಆತು?'

ಸಿ ಡ್ರೈವ್, ಅದರೊಳಗೊಂದು, ಅದರೊಳಗೆ ಇನ್ನೊಂದು,
ಕಣ್ಣಿಗೆ ಬೀಳದ ಫೋಲ್ಡರು...
ಹೇಳುತ್ತ ಹೇಳುತ್ತ ನನಗೇ ನಾಚಿಕೆ.
ಚೀಲ ಹೊಲಿಯುವ ದಬ್ಬಣ ಕೆಳಗಿಟ್ಟರು:
'ನಮ್ಮ ಹಮಾಲನೂ ಮೂಟೆ ಇಳಿಸೋ ಮುಂಚೆ
ಎಲ್ಲಿ ಇಡ್ಲಿ ಅಂತ ಕೇಳ್ತಾನವ್ವ.'

ಆ ರಾತ್ರಿ ಹನ್ನೊಂದು ಸಾಲು ಕೋಡು,
ಒಂದು ಪುಟ್ಟ ಕಿಟಕಿ.
ಹಮಾಲನ ಮಾತನ್ನು ಹಾಗೇ ಇಳಿಸಿದೆ:
ಎಲ್ಲಿ ಇಡ್ಲಿ?

ಮೊಮ್ಮಗ ಓದಿ ಬಿದ್ದು ಬಿದ್ದು ನಕ್ಕ,
'ದೋಸೆ ಊರಾಗ ಇಡ್ಲಿ ಕೇಳ್ತೈತಿ!'
ಹಯಾತ್‌ಬೀ ನಗಲಿಲ್ಲ.
ಬಹಳ ಹೊತ್ತು ನೋಡಿದರು. ನಾನು ಬಾಯಿ ಬಿಡಲಿಲ್ಲ.
ಸೊಂಟದ ಬೀಗದಕೈ ಗೊಂಚಲಿನಿಂದ
ಪೆನ್‌ಡ್ರೈವ್ ಬಿಚ್ಚಿ ಚುಚ್ಚಿ,
ಹೊಸ ಫೋಲ್ಡರಿಗೆ ಒಂದೊಂದೇ ಅಕ್ಷರ ಒತ್ತಿ
ಹೆಸರಿಟ್ಟರು: ಗಲ್ಲಾ.

ಕಿತ್ತು ಮತ್ತೆ ಸೊಂಟಕ್ಕೆ.

ಮುಂದಿನ ಬಿಲ್ಲಿಗೆ ತಂತ್ರಾಂಶ ತಬ್ಬಿಬ್ಬು:
ಗಲ್ಲಾ ಸಿಗುತ್ತಿಲ್ಲ. ಎಲ್ಲಿ ಇಡ್ಲಿ?
'ತಡಿ,' ಅಂದರು ಪರದೆಗೆ,
'ಹೊತ್ಕಂಡು ನಿಂತಿರು. ಕೈ ಬಿಡುವಿಲ್ಲ.'