ತಡವಾಗಿ ಬಂದ ‘ಬೇಡ’

ಪುಂಟಾ ಅರೆನಾಸಿನಲ್ಲಿ ಗಾಳಿಗೆ ರಜೆ ಇಲ್ಲ.
ಬಾಗಿಲು ತೆರೆದರೆ ಮೊದಲು ಅದು ಒಳಗೆ,
ಆಮೇಲೆ ಗಿರಾಕಿ.
ಆ ದಿನ ಗಾಳಿಯ ಹಿಂದೆ ಬಂದವನು ಒಯಾರ್ಸೊ,
ಕಂಕುಳಲ್ಲಿ ಸಮುದ್ರದ ಆಳ ಅಳೆಯುವ ಪೆಟ್ಟಿಗೆ,
ಹಸುಗೂಸಿನ ಹಾಗೆ ಕಂಬಳಿ ಸುತ್ತಿದ್ದು.

“ನಲವತ್ತು ಮಾರು ನೀರಿರೋ ಕಡೆ
ಇದು ನಾಲ್ಕೇ ಮಾರು ಅನ್ನುತ್ತೆ, ನೇಲಿದಾ.
ನಂಬಿ ಲಂಗರು ಬಿಟ್ಟೆ. ಹಗ್ಗ ಸಾಲಲಿಲ್ಲ.”

ನೇಲಿದಾ ಅತ್ತೆ ಮೊದಲು ಕೇಳುವುದು ಒಂದೇ:
ಇದನ್ನು ಕೊನೆಗೆ ಬಿಚ್ಚಿದವರು ಯಾರು?
ಅವನು ಕಿಟಕಿಯ ಕಡೆ ನೋಡಿದ.
ಬಿಚ್ಚಿದವನು ಅಳಿಯ.
ಹಳೆಯ ಆಂಪ್ಲಿಫೈಯರ್ ಚಿಪ್ಪು ಕಿತ್ತು
ಹೊಸದು ಕೂರಿಸಿದ್ದ, ಅದರ ನೂರು ಪಾಲು ಚುರುಕು,
ಎಂಟೂ ಕಾಲು ಅದೇ ತೂತುಗಳಿಗೆ ಹೊಂದುವಂಥದ್ದು.

ನನ್ನ ಕೈಗೆ ಮೀಟರು.
ಪ್ಲಸ್ ಹನ್ನೆರಡು ಇದೆ. ಮೈನಸ್ ಹನ್ನೆರಡು ಇದೆ.
ನೆಲ ನೆಲದಲ್ಲೇ ಇದೆ.
ಚಿಪ್ಪಿನ ಪಕ್ಕದ ಪುಟ್ಟ ಕೆಪಾಸಿಟರಿನ ಬೆಸುಗೆ ಬಿರಿದಿತ್ತು,
ಮತ್ತೆ ಬೆಸೆದೆ, ಇದೇ ರೋಗ ಎಂದು ಬೀಗಿದೆ.
ಸ್ಕೋಪಿನಲ್ಲಿ ಅಲೆ ಬಂತು, ದುಂಡಗೆ,
ತಿದ್ದಿ ತಿದ್ದಿ ಬರೆದ ಅಕ್ಷರದಂತೆ.
“ವಾಸಿಯಾಯ್ತು” ಅಂದೆ.
ಅತ್ತೆ ಮಾಟೆ ಕಷಾಯ ಹೀರುತ್ತಿದ್ದಳು,
ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ.

ಮೂರನೆಯ ದಿನ ಕಂಬಳಿ ವಾಪಸು.
ಮೇಜಿನ ಮೇಲೆ ಸಾಧು, ದೋಣಿಯಲ್ಲಿ ದೆವ್ವ.

ಸ್ಕೋಪು ಹೊತ್ತು ದೋಣಿಗೇ ಹೋದೆವು.
ಅಲ್ಲೂ ಅಲೆ ಇತ್ತು, ಆದರೆ ಗೆರೆ ದಪ್ಪ,
ಇದ್ದಿಲಲ್ಲಿ ಎಳೆದ ಹಾಗೆ.
ನಾನು ಫೋಕಸ್ ತಿರುಗಿಸಿದೆ.
ಅತ್ತೆ ನನ್ನ ಕೈ ಸರಿಸಿ
ಕಾಲದ ಗುಂಡಿ ಹಿಡಿದು ಹಿಗ್ಗಿಸಿದಳು,
ಇನ್ನೂ, ಇನ್ನೂ,
ಗೆರೆಯ ಹೊಟ್ಟೆಯೊಳಗೆ
ಇನ್ನೊಂದು ಅಲೆ, ಯಾರೂ ಕಳಿಸದ್ದು,
ಸೆಕೆಂಡಿಗೆ ಇಪ್ಪತ್ತು ಲಕ್ಷ ಸಲ ನಡುಗುತ್ತಿತ್ತು.

ಹಲಗೆಯ ಸಂದಿಯಲ್ಲಿ ನುಸುಳಿ
ಚುಕ್ಕಾಣಿಯ ತನಕ ಹೋದ ಕೇಬಲ್ಲನ್ನು ತೋರಿಸಿದಳು.
ಹದಿನೆಂಟು ಮೀಟರು.
ನಮ್ಮ ಮೇಜಿಗೆ ಅದು ಬಂದೇ ಇರಲಿಲ್ಲ.

“ಚಿಪ್ಪು ತಾನಾಡಿದ್ದನ್ನು ತಾನೇ ಕೇಳಿಸಿಕೊಳ್ಳುತ್ತೆ,
ಹೆಚ್ಚಾಯ್ತು, ಬೇಡ, ಅಂತ ತನಗೇ ಹೇಳಿಕೊಳ್ಳುತ್ತೆ.
ಇಷ್ಟುದ್ದದ ಕೇಬಲ್ಲಿನ ಹೊಟ್ಟೆ ತುಂಬುವಷ್ಟರಲ್ಲಿ
ಆ ಬೇಡ ತಡವಾಗುತ್ತೆ.
ಅಷ್ಟರಲ್ಲಿ ಅಲೆ ಮಗ್ಗುಲು ಬದಲಿಸಿರುತ್ತೆ,
ಬಂದು ಮುಟ್ಟಿದಾಗ ಅದು ಬೇಡ ಅಲ್ಲ,
ಹೂಂ, ಇನ್ನಷ್ಟು.
ಹಳೆಯದು ಮಂದ. ಇಷ್ಟು ಬೇಗ ನಡುಗೋದು
ಅದಕ್ಕೆ ಬರ್ತಲೇ ಇರಲಿಲ್ಲ.”

ಐವತ್ತು ಓಮಿನ ಒಂದು ರೆಸಿಸ್ಟರು,
ಜೀರಿಗೆಗಿಂತ ತುಸು ದಪ್ಪ,
ಚಿಪ್ಪಿನ ಬಾಯಿಗೂ ಕೇಬಲ್ಲಿಗೂ ನಡುವೆ.
ಗೆರೆ ಕೂದಲೆಳೆಯಾಯಿತು.
ಪರದೆಯ ಮೇಲೆ ತಳ
ಕೆಳಗಿಳಿದು ಕೂತಿತು.

ಒಯಾರ್ಸೊ ನಂಬಲಿಲ್ಲ.
ಸೀಸದ ಗುಂಡು ಕಟ್ಟಿದ ಹಗ್ಗ ಇಳಿಬಿಟ್ಟು
ತೋಳು ಚಾಚಿ ಚಾಚಿ ಎಣಿಸಿದ: ಏಳು ಮಾರು.
ಪರದೆಯಲ್ಲೂ ಏಳು.
ಒದ್ದೆ ಹಗ್ಗ ಸುತ್ತುತ್ತ, ನಮಗಲ್ಲ,
ಹಗ್ಗಕ್ಕೆ ಹೇಳುವವನಂತೆ ಅಂದ:
“ಅಳಿಯನನ್ನು ದೋಣಿ ಇಳಿಸಿ ಹದಿನೈದು ದಿನ ಆಯ್ತು.
ಅಷ್ಟು ಬೈಬಾರದಿತ್ತು.”

ಅತ್ತೆ ಚೀಟಿಯಲ್ಲಿ ರೆಸಿಸ್ಟರಿನ ಬೆಲೆಯೊಂದೇ ಬರೆದಳು.
ಅವನು ಎರಡು ಏಡಿ ಕೊಟ್ಟ.
ಒಂದಕ್ಕೆ ಇನ್ನೂ ಜೀವವಿತ್ತು,
ಅಂಗಡಿಯ ತನಕ, ಗಾಳಿಗೆದುರಾಗಿ ನಡೆದಷ್ಟೂ ದೂರ,
ಚೀಲದೊಳಗೆ ಕರ ಕರ.